ಉಸಿರು ಎಣಿಸಲು ಕಲಿಸಿದ ಬಾಯಾರು

ರಬ್ಬರಿನ ಬೊಂಬೆಯನ್ನೂ ಬಹುವಚನದಲ್ಲಿ ಮಾತನಾಡಿಸುತ್ತಿದ್ದವರು ನಮ್ಮ ಶಿಕ್ಷಕಿ ಸರಸ್ವತಿಬಾಯಿ ಬಾಯಾರು. ನಾವು ಗಜೇಂದ್ರಗಡದಲ್ಲಿ ನರ್ಸಿಂಗ್ ಕಲಿಯುತ್ತಿದ್ದ ದಿನಗಳಲ್ಲಿ, ಎಡಗಾಲನ್ನು ತುಸು ಎಳೆಯುತ್ತ, ಮೊಣಕೈ ಸವೆದ ಬೂದು ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ಅಭ್ಯಾಸದ ಕೋಣೆಗೆ ಬರುತ್ತಿದ್ದ ಅವರು ಮಂಚದ ಮೇಲಿನ ಬೊಂಬೆಗೆ "ಕೈ ಹಿಡೀಲೇನ್ರಿ?" ಎಂದು ಕೇಳದೆ ನಾಡಿ ಮುಟ್ಟುತ್ತಿರಲಿಲ್ಲ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಗುಂಡಿ ಒತ್ತಿದರೆ ಎದೆ ಏರಿಳಿಯುವ ಬೊಂಬೆ ಅದು. ಗುಂಡಿ ಬಾಯಾರ ಕೈಯಲ್ಲಿ. ಒಂದು ದಿನ ನಾನು ಗೆಳತಿ ಮಧುರಾಳ ಹಾಳೆಯನ್ನು ನೋಡಿ, ಉಸಿರು ನಿಮಿಷಕ್ಕೆ ಇಪ್ಪತ್ತು ಎಂದು ಬರೆದೊಪ್ಪಿಸಿದೆ. ಬಾಯಾರು ಗದರಲಿಲ್ಲ.

"ನಿನ್ನ ಹಾಳ್ಯಾಗ ಇವರು ಇನ್ನೂ ಉಸರಾಡ್ಲಿಕ್ಹತ್ಯಾರ. ಇಲ್ಲೆ ಉಸರು ನಿಂತು ಐದು ನಿಮಿಷ ಆತು, ನೋಡವಾ."

ನನ್ನ ಮುಖ ಕಿವಿಯವರೆಗೆ ಬಿಸಿಯಾಯಿತು.

ಮರುತಿಂಗಳು ಬಾಯಾರು ನಮ್ಮನ್ನು ರೋಣದ ಆಚೆಯ ಒಂದು ಅಂಗನವಾಡಿಗೆ ಕರೆದೊಯ್ದರು. ಒಂದೇ ಕೋಣೆ, ಮೂಲೆಯಲ್ಲಿ ಕಟ್ಟಿಗೆಯ ಒಲೆ, ಧೂಳಿಗೆ ಹೆದರಿ ರಟ್ಟು ಬಡಿದು ಮುಚ್ಚಿದ ಕಿಟಕಿ, ಆ ಹೊಗೆಯಲ್ಲೇ ಉಂಡು ಮಲಗಿದ ಹದಿನೆಂಟು ಮಕ್ಕಳು. ಮೂರು ವರ್ಷದ ಕಳಕೇಶ ಕೆಮ್ಮುತ್ತಿದ್ದ. "ನೆಗಡಿ ಇರಬೇಕ್ರಿ" ಎಂದಳು ಕಾರ್ಯಕರ್ತೆ ಸಿದ್ದವ್ವ. ನಾನು ಅವನ ಅಂಗಿ ಎತ್ತಿದೆ. ಉಸಿರೆಳೆದಾಗಲೆಲ್ಲ ಪಕ್ಕೆಗಳು ಒಳಗೆ ಸೆಳೆದುಕೊಳ್ಳುತ್ತಿದ್ದವು, ಗಡಿಯಾರ ನೋಡಿ ಪೂರ್ಣ ನಿಮಿಷ ಎಣಿಸಿದೆ, ಮತ್ತೆ ಎಣಿಸಿದೆ. ಐವತ್ತೆಂಟು. ಆ ವಯಸ್ಸಿಗೆ ನಲವತ್ತು ದಾಟಿದರೆ ಅಪಾಯ.

"ಖರೇ ಎಣಿಸೀಯೇನವಾ?"

"ಹೌದ್ರಿ ಬಾಯಾರ, ಎರಡ ಸಲ."

ಅವರು ತಾವೊಮ್ಮೆ ಎಣಿಸಿ ನೋಡಲಿಲ್ಲ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಎಳೆಯುವ ಆ ಕಾಲಿನಲ್ಲೇ ಆಟೋದತ್ತ ಓಡಿದರು. ನ್ಯುಮೋನಿಯಾ ಆಗಿದೆ, ಸಂಜೆಯತನಕ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ದವಾಖಾನೆಯ ಡಾಕ್ಟರು. ಐದನೆಯ ದಿನ ಕಳಕೇಶ ಮನೆಗೆ ಬಂದ.

ಬಾಯಾರು ಅಷ್ಟಕ್ಕೆ ಬಿಡಲಿಲ್ಲ. ಮರುವಾರ ಅದೇ ಕೋಣೆಯ ನೆಲದ ಮೇಲೆ ಕೂತು, ಅರಳೆಯ ಎಳೆಯೊಂದನ್ನು ಮಕ್ಕಳ ಮೂಗಿನ ಎತ್ತರಕ್ಕೆ ಹಿಡಿದರು. ಎಳೆ ಮಿಸುಕಲಿಲ್ಲ, ಕೋಣೆಯಲ್ಲಿ ಗಾಳಿಯೇ ಆಡುತ್ತಿರಲಿಲ್ಲ.

"ಕಿಡಕಿ ತೆಗದ್ರ ಎರಿ ಹೊಲದ ಧೂಳೆಲ್ಲಾ ಒಳಗ ಬರತೈತ್ರಿ" ಎಂದಳು ಸಿದ್ದವ್ವ, ಕಣ್ಣೊರೆಸಿಕೊಳ್ಳುತ್ತ.

"ಕಿಡಕಿಗೆ ತಂತಿ ಜಾಳಗಿ ಹೊಡಸೋಣು. ಒಲಿ ಹೊರಗ ಹೋಗ್ಲಿ, ಸಿದ್ದವ್ವ. ನೀನೂ ಅದೇ ಹೊಗಿ ಕುಡೀತಿ."

ಹೊರಗೆ ಒಲೆಗೆ ತಗಡಿನ ಚಪ್ಪರ ಏಳುವವರೆಗೂ ಶನಿವಾರಕ್ಕೊಮ್ಮೆ ಅವರು ಬಸ್ಸು ಹಿಡಿದು ಹೋಗುತ್ತಿದ್ದುದು ನಮಗೆ ತಿಳಿದದ್ದು ಬಹಳ ತಡವಾಗಿ.

ಬಾಯಾರು ನಿವೃತ್ತರಾಗಿದ್ದಾರೆ, ನಾನೀಗ ನರಗುಂದದಲ್ಲಿ ಮಕ್ಕಳ ವಾರ್ಡಿನಲ್ಲಿದ್ದೇನೆ. ಇಂಥ ಗುರುಗಳು ಧೈರ್ಯಕ್ಕಿಂತ ಮೊದಲು ಶಿಷ್ಯರ ಎದೆಯಲ್ಲಿ ಸಣ್ಣದೊಂದು ಅಳುಕನ್ನು ಇಟ್ಟು ಹೋಗುತ್ತಾರೆ. ಎಲ್ಲ ಸರಿಯಿದೆ ಎಂದು ಬರೆಯಹೊರಟ ಕೈಯನ್ನು ಅದು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಅವರ ಹೆಸರನ್ನೂ ಅರಿಯದ ಎಷ್ಟೋ ಮಕ್ಕಳು ಆ ಒಂದು ಕ್ಷಣದಿಂದ ಬದುಕಿದ್ದಾರೆ.