ಸೊಪ್ಪಿನ ಬೆಟ್ಟದ ಗಾಳಿ

ಮನ್ಮನೆಯ ಅಭಿಜ್ಞಾಳನ್ನು ಗಾಳಿ ಒಂದು ವಾರದಿಂದ ಗೋಳು ಹೊಯ್ದುಕೊಳ್ಳುತ್ತಿತ್ತು. ಹೊರಗಿನ ಗಾಳಿಯಲ್ಲ, ಕಂಪ್ಯೂಟರಿನೊಳಗಿನದು. ಮನೆಯ ಹಿಂದಿನ ಬೆಟ್ಟವನ್ನು ಏರು, ಇಳುಕಲು, ಮರಗಳ ಸಮೇತ ಲೆಕ್ಕದಲ್ಲಿ ಕಟ್ಟಿ, ಅದರ ಮೇಲೆ ಗಾಳಿ ಬೀಸಿದರೆ ಎಲ್ಲಿ ಸುಳಿ ಏಳುತ್ತದೆ, ಎಲ್ಲಿ ಮಂದವಾಗುತ್ತದೆ ಎಂದು ನೋಡುವುದು ಅವಳ ಸಂಶೋಧನೆ. ಲೆಕ್ಕ ಸರಿಯೋ ತಪ್ಪೋ ತಿಳಿಯಲು ಬೆಟ್ಟದ ನೆತ್ತಿಯಲ್ಲಿ ಕಂಬ ನೆಟ್ಟು, ಗಾಳಿ ಅಳೆಯುವ ಬಟ್ಟಲುಗಳನ್ನು ಕೂರಿಸಿದ್ದರು. ಮೊದಮೊದಲು ಕಂಬವೂ ಕಂಪ್ಯೂಟರೂ ಜೋಡೆತ್ತಿನ ಹಾಗೆ ಹೋಗುತ್ತಿದ್ದವು. ಈಗ ಕಂಪ್ಯೂಟರು ಮೆಲುಗಾಳಿ ಎಂದರೆ, ಬಟ್ಟಲುಗಳು ದೆವ್ವ ಹೊಕ್ಕ ಹಾಗೆ ತಿರುಗುತ್ತಿದ್ದವು.

ಅವಳ ದೊಡ್ಡಮ್ಮ, ದೊಡ್ಡಾಯಿ ಸೀತಾ, ಅಡುಗೆಮನೆಯಿಂದಲೇ ಕೇಳಿದಳು. "ಕೂಸೇ, ಗಾಳಿ ಸಿಕ್ತನೆ?"

"ಇಲ್ಲೆ ದೊಡ್ಡಾಯಿ, ತಪ್ಪಿಸ್ಕತ್ತಾ ಇದ್ದು."

"ಸಿಕ್ಕಿರೆ ಒಂಚೂರು ಒಲೆ ಬದಿಗೆ ಬಿಡು. ಹಸಿ ಕಟ್ಟಿಗೆ ಹತ್ತದೇ ಇಲ್ಲೆ."

ಅಭಿಜ್ಞಾಳಿಗೆ ನಗಲೂ ಆಗಲಿಲ್ಲ. ಗೈಡು ಅಂದಾನಪ್ಪ ಸರ್ ಧಾರವಾಡದಿಂದ ಬಂದು ಜಗಲಿಯಲ್ಲೇ ಕೂತಿದ್ದರು. "ಇವತ್ತ ಹೊಂದಲಿಲ್ಲಂದ್ರ ಕಂಬ ಕಿತ್ತು ಚಂದಗುಳಿ ಕಡೆ ಗುಡ್ಡಕ್ಕ ನೆಡೂದ ನೋಡವ್ವಾ," ಎಂದಿದ್ದರು. ಹುಟ್ಟಿದೂರಿನ ಬೆಟ್ಟದ ಮೇಲೆಯೇ ಡಾಕ್ಟರೇಟು ಮಾಡಬೇಕೆಂದು ಅವಳು ಹಟ ಹಿಡಿದು ಸಾಧಿಸಿಕೊಂಡ ಕೆಲಸವದು.

ಬಟ್ಟಲೇ ಕೆಟ್ಟಿರಬಹುದೆಂದು ಇಬ್ಬರೂ ಬೆಟ್ಟ ಹತ್ತಿದರು. ಬಟ್ಟಲು ಸರಿಯಾಗಿಯೇ ಇತ್ತು. ಏದುಸಿರು ಬಿಡುತ್ತ ಸರ್ ನೆರಳಿಗೆಂದು ಒಂದು ಮರದ ಬುಡಕ್ಕೆ ಹೋದರು, ಅಲ್ಲಿ ಬಿಸಿಲು. ಇನ್ನೊಂದಕ್ಕೆ ಹೋದರು, ಅಲ್ಲೂ ಬಿಸಿಲು. ತಲೆಯೆತ್ತಿ ನೋಡಿದರೆ ಮರಗಳಿಗೆಲ್ಲ ತುದಿಯಲ್ಲಿ ಒಂದೊಂದು ಮುಷ್ಟಿ ಎಲೆ.

"ಏನವ್ವಾ, ಸಾಲಾಗಿ ನಿಲ್ಲಿಸಿ ಮುಂಜಿವಿ ಮಾಡೀರೇನು? ಜುಟ್ಟು ಅಷ್ಟ ಬಿಟ್ಟೀರಲ್ಲ!"

ಅಭಿಜ್ಞಾ ಬಿದ್ದುಬಿದ್ದು ನಕ್ಕಳು. ನಗುನಗುತ್ತಲೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಕೊಟ್ಟಿಗೆಗೆ ಹಾಸಲು ಆಳು ಕೆರಿಯ ಈ ಬದಿಯ ಮರಗಳನ್ನು ಹತ್ತಿ ಸೊಪ್ಪು ಕಡಿದದ್ದು ಹೋದ ವಾರ. ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು, ಎಮ್ಮೆಯ ಕಾಲಡಿಗೆ ಹರಡಿದವಳು ಸ್ವತಃ ತಾನು! ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವುದು ಊಟಕ್ಕೆ ಮುಂಚೆ ಕೈ ತೊಳೆದಷ್ಟೇ ಸಹಜ. ಅದನ್ನು ಕಂಪ್ಯೂಟರಿಗೂ ಹೇಳಬೇಕೆಂದು ಹೊಳೆದೇ ಇರಲಿಲ್ಲ. ಗಾಳಿಯನ್ನು ಹಿಡಿದು ನಿಲ್ಲಿಸುವ ಎಲೆಗಳು ಲೆಕ್ಕದಲ್ಲಿ ಮಾತ್ರ ಉಳಿದಿದ್ದವು.

"ಸರ್, ಎಲೆ ಕೊಟ್ಟಿಗೆಯಲ್ಲಿದೆ," ಎಂದವಳೇ ಇಳುಕಲಲ್ಲಿ ಓಡಿದಳು.

ಲೆಕ್ಕದ ಬೆಟ್ಟಕ್ಕೂ ಸೊಪ್ಪು ಕಡಿದು ಗಾಳಿ ಬಿಟ್ಟರು. ಊಟ ಮುಗಿಯುವಷ್ಟರಲ್ಲಿ ತೆರೆಯ ಮೇಲಿನ ಗೆರೆ ಕಂಬದ ಗೆರೆಗೆ ಹೆಗಲಿಗೆ ಹೆಗಲು ಕೊಟ್ಟು ನಿಂತಿತು.

ಸರ್ ಉಬ್ಬಿಹೋದರು. "ತಂಗಿ, ಇನ್ನ ಉಳಿದ ಬದಿ ಮುಟ್ಟಬ್ಯಾಡ್ರಿ ಮತ್ತ," ಎಂದರು ದೊಡ್ಡಾಯಿಗೆ.

"ಹಂಗಾರೆ ಎಮ್ಮೆ ಅಡಿಗೆ ಎಂತ ಹಾಸವು? ನಿಮ್ಮ ಕಂಪ್ಯೂಟರಾ?"

"ಕಡೀಲಿ ಸರ್," ಎಂದಳು ಅಭಿಜ್ಞಾ. "ಯಾವ ಬದಿ, ಯಾವತ್ತು ಅಂತ ನನಗೆ ಹೇಳಿದರೆ ಸಾಕು. ಎಲೆ ಇದ್ದಾಗ ಒಂದು ಗಾಳಿ, ಇಲ್ಲದಾಗ ಒಂದು, ಚಿಗುರುವಾಗ ಇನ್ನೊಂದು. ಒಂದೇ ಬೆಟ್ಟದಲ್ಲಿ ಮೂರೂ ಇನ್ನೆಲ್ಲಿ ಸಿಗಬೇಕು?"

ಸರ್ ಗಡ್ಡ ಕೆರೆದುಕೊಂಡು ಅವಳನ್ನೇ ನೋಡಿದರು. "ಚಂದಗುಳಿ ಕಡೆ ಗುಡ್ಡ ಅಲ್ಲೇ ಇರಲಿ ಬಿಡು. ಕಂಬ ಇಲ್ಲೇ ಇರ್ತದ."

ದೊಡ್ಡಾಯಿ ಸೆರಗು ಕೊಡವಿದಳು. "ನಾಳೆ ಪಡುವಣ ಬದಿ ಕಡಿಸ್ತೆ. ಆಳು ಸಾಲ್ತ್ವಿಲ್ಲೆ, ಈಗ್ಲೇ ಹೇಳಿದ್ದೆ."

"ನಾ ಉಳೀತೀನ್ರಿ," ಎಂದರು ಸರ್, ಪ್ಯಾಂಟು ಮಡಚುತ್ತ. "ಹೊರಿ ಹೊರಾಕ ತಲಿಗೊಂದು ಸಿಂಬಿ ಕೊಟ್ರ ಸಾಕು."