ಹತ್ತಕ್ಕೆ ಮೂರು

ಇದು ನಡೆದದ್ದೇ. ಅನುಮಾನವಿದ್ದವರು ಗಣಿತದ ಮೇಷ್ಟ್ರ ಹೊಟ್ಟೆಯ ಹೊಲಿಗೆಗಳನ್ನೇ ಕೇಳಬಹುದು.

ಮೂವತ್ತು ವರ್ಷದ ಸೇವೆಯಲ್ಲಿ ಮೇಷ್ಟ್ರು ಯಾರಿಗೂ ಕೈಬಿಚ್ಚಿ ಅಂಕ ಕೊಟ್ಟವರಲ್ಲ. ಕರುಳಿನ ಆಪರೇಷನ್ನಿನ ಮರುದಿನ ನರ್ಸ್ ಬಂದು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೆಂದು ಕೇಳಿದಾಗಲೂ ಆ ಜಿಪುಣತನ ಬಿಡಲಿಲ್ಲ. ಹೊದಿಕೆಯ ಅಂಚನ್ನು ಹಿಂಡುತ್ತ ಮೂರು ಎಂದರು. ಹಣೆಯ ಮೇಲಿನ ಬೆವರು ಬೇರೆಯೇ ಲೆಕ್ಕ ಹೇಳುತ್ತಿತ್ತು.

ನರ್ಸ್ ಒಂದು ಕಾಲಕ್ಕೆ ಅವರದೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತವಳು. ನೋವಿಗೆ ಹೆದರಿ ಮೇಷ್ಟ್ರು ಕೆಮ್ಮುತ್ತಿಲ್ಲ, ಉಸಿರನ್ನು ಪೂರ್ತಿ ಎಳೆಯುತ್ತಿಲ್ಲ. ಹೀಗೇ ಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆದೀತೆಂದು ಅವಳಿಗೆ ಚಿಂತೆ. ಡಾಕ್ಟರು ಮಾರ್ಫಿನ್ ಬರೆದಿದ್ದರು. ಮೇಷ್ಟ್ರು ಮುಖ ತಿರುಗಿಸಿದರು.

"ಅದು ಅಫೀಮಿನ ವಂಶದ್ದು ಕಣಮ್ಮ. ಈ ವಯಸ್ಸಲ್ಲಿ ನನಗೆ ಚಟ ಅಂಟಿಸ್ಬೇಡ."

ತಿಂಗಳುಗಟ್ಟಲೆ ನುಂಗಿದರೆ ಆ ಭಯ ಸರಿ, ಎರಡು ಮೂರು ದಿನ ಅಳತೆಯಲ್ಲಿ ಕೊಟ್ಟು ಉಸಿರು, ಎಚ್ಚರ ಎರಡನ್ನೂ ನೋಡುತ್ತಿರುತ್ತೇವೆ ಎಂದು ಅವಳು ತಿಳಿಹೇಳಿದಳು. ಮನೆಯ ನಿದ್ದೆಮಾತ್ರೆ ಮಾತ್ರ ಜೊತೆಗೆ ಬೇಡ, ಎರಡೂ ಸೇರಿದರೆ ಉಸಿರೇ ಕುಗ್ಗೀತು ಎಂದಾಗ, ಮೇಷ್ಟ್ರ ಹೆಂಡತಿ ತಂದಿದ್ದ ಮಾತ್ರೆಗಳನ್ನು ಬ್ಯಾಗಿನಿಂದ ತೆಗೆದು ಕಳ್ಳಮಾಲಿನಂತೆ ಒಪ್ಪಿಸಿದರು. ಮೇಷ್ಟ್ರದು ಮಾತ್ರ ಮತ್ತದೇ ಮೂರು.

ಮಧ್ಯಾಹ್ನ ನರ್ಸ್ ಒಂದು ರಟ್ಟಿನ ಕಾರ್ಡು ಹಿಡಿದು ಬಂದಳು. ಮಂಚದ ಕಾಲ್ದೆಸೆಯಲ್ಲಿ ನಿಂತು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೇಷ್ಟ್ರದೇ ಗೊಗ್ಗರು ದನಿಯಲ್ಲಿ ಓದತೊಡಗಿದಳು.

"ಕೆಮ್ಮು, ಸೊನ್ನೆ. ನಡಿಗೆ, ಸೊನ್ನೆ. ಹಲ್ಲು ಕಡಿಯೋದು, ಹತ್ತಕ್ಕೆ ಹತ್ತು. ನಿಜ ಹೇಳೋದು, ನಪಾಸು. ನಾಳೆ ಪೋಷಕರ ಸಹಿ ಇಲ್ದೆ ಕ್ಲಾಸಿಗೆ ಬರ್ಬೇಡ."

ಹೆಂಡತಿ ಆಗಲೇ ಪೆನ್ನು ಹುಡುಕುತ್ತಿದ್ದರು. "ಎಲ್ಲಿ ಹಾಕ್ಲಿ ತಾಯಿ? ನಮ್ಮ ಹುಡುಗ ಮನೇಲೂ ಹೀಗೇ."

ಪಕ್ಕದ ಮಂಚದವರು ಕಿಸಕ್ಕೆಂದರು. ಬಾಗಿಲಲ್ಲಿದ್ದ ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ದುರುಗುಟ್ಟಿ ನೋಡಿದರು, ತುಟಿ ಬಿಗಿದರು, ಆದರೂ ಒಳಗಿನಿಂದ ನಗು ಉಕ್ಕಿ ಬಂತು. ಅರ್ಧದಲ್ಲೇ ಹೊಲಿಗೆ ಚುರ್ರೆಂದಿತು. ದಿಂಬನ್ನು ಅವುಚಿಕೊಂಡರು, ಕಣ್ಣಲ್ಲಿ ದಳದಳ ನೀರು.

"ಒಂಬತ್ತು," ಎಂದರು ಏದುಸಿರಿನಲ್ಲಿ. "ಬರ್ಕೊಳಮ್ಮ, ಒಂಬತ್ತು. ಹತ್ತು ಕೇಳ್ಬೇಡ. ಯಾರಿಗೂ ಕೊಟ್ಟಿಲ್ಲ."

ಮದ್ದು ಹತ್ತಿದ ಮೇಲೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಎರಡು ಸಲ ಕೆಮ್ಮಿದರು. ಆಮೇಲೆ ಕಾರ್ಡು ಇಸಿದುಕೊಂಡು, ಹೆಂಡತಿಯ ಸಹಿ ನೋಡಿ ಮತ್ತೆ ನಗಲು ಶುರುಮಾಡಿದರು. ಈ ಸಲ ಅವರ ನಗುವಿನ ಅಬ್ಬರದಲ್ಲಿ ಉಳಿದವರ ನಗು ಯಾರಿಗೂ ಕೇಳಿಸಲಿಲ್ಲ.