ಕೆಂಪು ಬಳಿದ ಗಾಜು

ಊಟಕ್ಕೆಂದು ಕಮಲಾಕರ ತನ್ನ ಫೋಟೋ ಸ್ಟುಡಿಯೋದ ಬಾಗಿಲು ಎಳೆಯುವಷ್ಟರಲ್ಲಿ ಎರ್ರೆಮ್ಮ ಮೆಟ್ಟಿಲೇರಿ ಬಂದಳು. ಛತ್ರದ ಹಿಂದಿನ ಕೇರಿಯವಳು, ಅರವತ್ತರ ಹತ್ತಿರದ ಹೆಂಗಸು. ಹೊಸಪೇಟೆಯ ರಸ್ತೆಯಲ್ಲಿ ಸಂಡೂರಿನ ಅದಿರು ಲಾರಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಆ ಲಾರಿಗಳಿಗಾಗಿ ರಸ್ತೆ ಅಗಲವಾಗಬೇಕಿತ್ತು, ರಸ್ತೆಗಾಗಿ ಕೇರಿ ಹೋಗಬೇಕಿತ್ತು.

"ಸ್ವಾಮೇರ, ನಿಮ್ಮ ಫೋಟೋ ನಮ್ಮ ಮನೀ ಕೆಡವಾಕ ಹತ್ತೈತಿ" ಎಂದಳು.

ಕಮಲಾಕರ ನಕ್ಕುಬಿಟ್ಟ. ಫೋಟೋ ಎಲ್ಲಾದರೂ ಮನೆ ಕೆಡವುತ್ತದೆಯೇ? ಅವಳು ಮಾತ್ರ ನಗಲಿಲ್ಲ.

ಕಳೆದ ತಿಂಗಳು 'ಹಳೆಯ ಹೊಸಪೇಟೆ' ಪ್ರದರ್ಶನಕ್ಕೆ ಅವನು ತೀರಿಹೋದ ತಂದೆ ತೆಗೆದ ಚಿತ್ರಗಳನ್ನು ಕೊಟ್ಟಿದ್ದ. ಕಾಣೆಯಾದ ಓಣಿ, ಬಿದ್ದುಹೋದ ಕಟ್ಟಡಗಳನ್ನು ಕಂಡು ಊರಿಗೆ ಊರೇ ಹೊಗಳಿತ್ತು. ಇವನ ಕಾಲು ನೆಲದ ಮೇಲಿರಲಿಲ್ಲ. ೧೯೫೮ರಲ್ಲಿ ಛತ್ರ ತೆರೆದ ದಿನದ ಚಿತ್ರವೂ ಅಲ್ಲಿತ್ತು. ಅದರಲ್ಲಿ ಛತ್ರದ ಹಿಂದೆ ಬರೀ ಬಿಳಿ ಬಯಲು. ಅದನ್ನೇ ಹಿಡಿದು ರಸ್ತೆಯ ಎಂಜಿನಿಯರು, ಆಗ ಅಲ್ಲಿ ಮನೆಗಳೇ ಇರಲಿಲ್ಲ, ಇದು ಒತ್ತುವರಿ, ಪರಿಹಾರವೂ ಇಲ್ಲ, ಬೇರೆ ಜಾಗವೂ ಇಲ್ಲ ಎಂದಿದ್ದರಂತೆ. ಆಕ್ಷೇಪಣೆಗೆ ಇವತ್ತು ಸಂಜೆ ಐದರವರೆಗೆ ಗಡುವು. ಬೆಳಗಾದರೆ ಜೆಸಿಬಿ.

"ಅವತ್ತು ನಾನು ಸಣ್ಣಾಕಿ. ನಮ್ಮವ್ವ ಬಾಗಲಾಗ ನಿಂತಿದ್ಲು. ನಿಮ್ಮಪ್ಪಾರು ಕರೇ ಬಟ್ಟಿ ಹೊತ್ಕಂಡು ಫೋಟೋ ಹೊಡದ್ರು. ಫೋಟೋದಾಗ ನಾವೆಲ್ಲಿ ಹೋದ್ವಿ?"

ಕಮಲಾಕರ ಒಳಗಿನಿಂದ ಆ ಗಾಜಿನ ನೆಗೆಟಿವ್ ತಂದು ಕಿಟಕಿಗೆ ಹಿಡಿದ. ಛತ್ರದ ಹಿಂದೆ ದಪ್ಪನೆಯ ಕೆಂಪು ಬಣ್ಣ. ಬೇಡವಾದದ್ದನ್ನು ಅಡಗಿಸಲು ತಂದೆ ಬಳಿಯುತ್ತಿದ್ದ ಬಣ್ಣ ಅದು. ಬಳಿದಲ್ಲಿ ಬೆಳಕು ಹಾಯದು, ಚಿತ್ರದಲ್ಲಿ ಅಷ್ಟೂ ಬಿಳಿಯಾಗಿಬಿಡುತ್ತದೆ. ಈ ಗಾಜಿನಿಂದ ಕಮಲಾಕರನೇ ಹತ್ತಾರು ಪ್ರತಿ ತೆಗೆದು ಮಾರಿದ್ದ. ಅಡಿಯಲ್ಲೇನಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಊಟಕ್ಕೆ ಕರೆಯಲು ಬಂದ ತಾಯಿ ಯಮುನಾಬಾಯಿ, ಮಗ ಹತ್ತಿ, ನೀರು ಎತ್ತಿಕೊಂಡದ್ದು ಕಂಡು ಗಾಬರಿಯಾದರು.

"ಬ್ಯಾಡೋ ಕಮಲಾಕರ! ಛತ್ರದ ಹಿರಿಯರು ಹಿಂದ ಕೇರಿ ಕಾಣಬಾರದು ಅಂದ್ರು, ನಿಮ್ಮಪ್ಪ ಬಳದ್ರು. ಹೊಟ್ಟಿಪಾಡು. ಸತ್ತವರ ಹೆಸರಿಗೆ ಈಗ ಮಸಿ ಬಳೀತೀಯೇನು?"

"ಬಳಿಯಾಕ ಹೊಂಟಿಲ್ಲ ಅಮ್ಮಾ. ಬಳದಿದ್ದನ್ನ ತೊಳಿಯಾಕ ಹೊಂಟೀನಿ."

ಹಾಗೆ ಅಂದನೇನೋ ನಿಜ, ಕೆಲಸ ಮಾತ್ರ ಸುಲಭದ್ದಲ್ಲ. ಐವತ್ತು ವರ್ಷದ ಗಾಜು. ನೀರು ಹೆಚ್ಚಾದರೆ ಚಿತ್ರದ ಪೊರೆಯೇ ಎದ್ದು, ಕೇರಿಯಿದ್ದ ಒಂದೇ ಒಂದು ಸಾಕ್ಷಿಯೂ ನೀರುಪಾಲು. ಒದ್ದೆ ಹತ್ತಿಯಿಂದ ಮೆತ್ತಗೆ ಒರೆಸಿದ. ಒಂದು ಅಂಚಿನಲ್ಲಿ ಪೊರೆ ಸುಕ್ಕುಗಟ್ಟಿತು. ಕಮಲಾಕರ ತಡೆದು, ಗಾಜು ಆರಿದ ಮೇಲೆ ಮತ್ತೆ ಒರೆಸಿದ. ಗಂಟೆ ಮೂರಾಯಿತು. ಕೊನೆಗೆ ಕತ್ತಲೆ ಕೋಣೆಯಲ್ಲಿ ಪ್ರತಿ ಮೂಡಿದಾಗ ಛತ್ರದ ಹಿಂದೆ ಹನ್ನೊಂದು ಮನೆ, ಒಂದು ಬೇವಿನ ಮರ, ಮೊದಲ ಬಾಗಿಲಲ್ಲಿ ಸೆರಗು ಹೊದ್ದ ಹೆಂಗಸು.

"ಯವ್ವಾ..." ಎಂದು ಎರ್ರೆಮ್ಮ ಬಾಗಿಲಲ್ಲಿದ್ದ ತಾಯಿಯತ್ತ ಬೆರಳು ಚಾಚಿದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಎಂಜಿನಿಯರ ಮೇಜಿನ ಮೇಲೆ ಎರಡೂ ಚಿತ್ರ ಬಿದ್ದವು. ಗಾಜಿಗೆ ಬಣ್ಣ ಬಳಿದಿದ್ದ ಸಂಗತಿಯನ್ನು ಕಮಲಾಕರ ಹೇಳಿದ.

"ಎರಡೂ ನಿಮ್ಮವ. ಯಾವುದನ್ನ ನಂಬ್ಲಿ?" ಎಂಜಿನಿಯರು ಕಾಗದ ಮುಂದೆ ತಳ್ಳಿದರು. "ಬಣ್ಣ ಬಳದೋರು ಯಾರು ಅಂತ ಬರದು ಸಹಿ ಮಾಡ್ರಿ. ಸರ್ವೇ ಮುಗಿಯೋತನಕ ಕೆಲಸ ನಿಲ್ಲಸ್ತೀನಿ. ಆದ್ರ ಇದು ಪೇಪರಿಗೆ ಹೋಗ್ತದ, ನಿಮ್ಮ ಮನೆತನದ ಮಾನದ ಪ್ರಶ್ನಿ. ವಿಚಾರ ಮಾಡ್ರಿ."

ಕಮಲಾಕರ ಎರಡು ಸಾಲು ಬರೆದು ಸಹಿ ಮಾಡಿದ.

"ಏನ್ ಬರದ್ರಿ ಸ್ವಾಮೇರ? ನನಗ ಓದಾಕ ಬರಂಗಿಲ್ಲ" ಎಂದಳು ಎರ್ರೆಮ್ಮ.

ಇಡೀ ಕಚೇರಿ ಇತ್ತಲೇ ನೋಡುತ್ತಿತ್ತು. ಕಮಲಾಕರ ಎದ್ದು ನಿಂತು, ಅವಳ ಮುಖ ನೋಡುತ್ತಲೇ ಓದಿದ:

"ಈ ಕೇರಿಯನ್ನು ಅಳಿಸಿದವರು ನನ್ನ ತಂದೆ. ಗೊತ್ತು ಮಾಡಿಕೊಳ್ಳದೆ ಇಷ್ಟು ವರ್ಷ ಅದನ್ನೇ ಮಾರಿದವನು ನಾನು."